ಬಾಲವಿಲ್ಲದ ಚೇಳು

ನನ್ನ ಎಡಗೈ ಮೇಲೊಂದು ಚೇಳಿದೆ, ಬಾಲವಿಲ್ಲ.
ಎಂಟು ಕಾಲು ಮುಗಿಸಿದ್ದಳು ಅಕ್ಕಲಜ್ಜಿ,
ಬಾಲದ ಬುಡಕ್ಕೆ ಸೂಜಿ ಇಟ್ಟಳೋ ಇಲ್ಲವೋ
ಕೈ ಕಿತ್ತುಕೊಂಡು ಓಡಿದ್ದೆ
ಹಿಪ್ಪುನೇರಳೆ ಸಾಲಿನ ನಡುವೆ ಬಗ್ಗಿ, ಏದುಸಿರು ಬಿಡುತ್ತ.
ಏಳು ವರ್ಷ ನನಗೆ. ಮೂರು ಸೂಜಿ, ಒಂದೇ ದಾರದಲ್ಲಿ ಬಿಗಿದದ್ದು.

ಅಜ್ಜಿ ಅಟ್ಟಿಸಿಕೊಂಡು ಬರಲಿಲ್ಲ.
ಕಾಡಿಗೆಯ ಚಿಪ್ಪಿಗೆ ಗರಗದ ಸೊಪ್ಪು ಹಿಂಡುತ್ತ
"ಹೋಗು ಹೋಗು, ಕತೇನೂ ಅಲ್ಲಿಗೇ ನಿಂತೋಯ್ತು" ಅಂದಳಂತೆ.

ಅವಳ ಲೆಕ್ಕವೇ ಹಾಗೆ.
ಸಾಸಿವೆಯಷ್ಟು ನೋವಿಗೆ ಸಾಸಿವೆಯಷ್ಟು ಕತೆ.
ಮೊಣಕೈ ತುಂಬ ತೊಟ್ಟಿಲು ಬರೆಸಿಕೊಂಡವಳಿಗೆ
ಏಳು ಸಮುದ್ರ ದಾಟುವಷ್ಟು;
ಗಲ್ಲಕ್ಕೊಂದು ಬೊಟ್ಟು ಸಾಕೆಂದವಳಿಗೆ
"ಒಂದೂರಲ್ಲಿ ಒಬ್ಬಳಿದ್ದಳು"
ಮುಗಿಯಿತು, ಏಳಮ್ಮ, ರಾಗಿ ತಾ.

ಅವಳು ಸತ್ತ ವರ್ಷ ಬುಟ್ಟಿ ಹೆಣೆಯುವುದು ಬಿಟ್ಟು
ಶಿಡ್ಲಘಟ್ಟದ ರೀಲಿಂಗ್ ಶೆಡ್ಡಿಗೆ ಸೇರಿದೆ.
ಎದುರಿನ ಬಾಣಲೆಗೆ ಪಿಳ್ಳಮ್ಮ.
ಬೆಂದ ಗೂಡುಗಳ ನಡುವೆ ಅವಳ ಕೈ
ಮುಳುಗಿ ಎದ್ದಾಗ ನೋಡಿದೆ:
ಮಣಿಕಟ್ಟಿನಿಂದ ಮೇಲಕ್ಕೆ ನಮ್ಮಜ್ಜಿಯ ಕೈಬರಹ.
ನಮ್ಮ ಕೊರವ ಮಾತಿಗೆ ಲಿಪಿ ಇಲ್ಲವೆಂದು
ಯಾರೋ ಸರ್ವೆಗೆ ಬಂದವರು ಬರೆದುಕೊಂಡು ಹೋಗಿದ್ದರು.

"ಇದು ಹಾಕುವಾಗ ಏನು ಹೇಳಿದ್ದಳು?"
ಪಿಳ್ಳಮ್ಮ ಎಳೆ ಹುಡುಕುತ್ತಲೇ ನಕ್ಕಳು:
"ರಾಜನ ಮಗಳು ಬಾವಿಗಿಳಿದಳು. ಅಷ್ಟರಲ್ಲಿ ನನ್ನ ಕೈ ಮುಗೀತು."

ಅವಳನ್ನು ಬಾವಿಯಲ್ಲೇ ಬಿಟ್ಟು ಮಲಗುವುದು ಹೇಗೆ?

ಹುಳು ಮಲಗಿದ್ದ ಹಳೇ ಪೇಪರು, ಒಂದು ಪೆನ್ನು ಹಿಡಿದು
ಭಾನುವಾರ ಭಾನುವಾರ ಊರೂರು ಸುತ್ತಿದೆ.
ಬಾವಿಯೊಳಗಿನ ಮೀನು
ಜಂಗಮಕೋಟೆಯ ಗಂಗುಲಮ್ಮನ ಹಣೆ ಮೇಲೆ ಸಿಕ್ಕಿತು.
ಮೀನು ನುಂಗಿದ ಉಂಗುರ ಮೇಲೂರಿನ ನಾರೆಮ್ಮನ ಪಾದದಲ್ಲಿ.
ಚೀಮಂಗಲದ ಒಬ್ಬಾಕೆ
ಮಗನ ಮದುವೆಗೆ ಮುಂಚೆ ಹಚ್ಚೆ ಸುಡಿಸಿಕೊಂಡಿದ್ದಳು,
ಅಲ್ಲೊಂದು ನುಣ್ಣನೆಯ ಬಿಳಿ ಕಲೆ.
ಅವಳ ಪಾಲಿನದು ಅವಳಿಗೇ ನೆನಪಿಲ್ಲ.
ಪೇಪರಿನಲ್ಲಿ ಅಷ್ಟು ಜಾಗ ಹಾಗೇ ಬಿಟ್ಟಿದ್ದೇನೆ.

ಆಮೇಲೆ ಅವರೇ ಬರತೊಡಗಿದರು,
ನಮ್ಮ ಹಟ್ಟಿಗೆ ಎಂದೂ ಕಾಲಿಡದವರು,
ಈಚಲು ಚಾಪೆ ಮೇಲೆ ಕೈಗೆ ಕೈ ಹೊಂದಿಸಿ
ಕತೆ ಎಲ್ಲಿ ಕೂಡುತ್ತದೆಂದು ನೋಡಲಿಕ್ಕೆ.
ಮೊದಲ ವಾರ ನಾರೆಮ್ಮ ನೀರಿನ ಬಾಟಲಿ ತಂದಿದ್ದಳು.
ನಾಲ್ಕನೇ ವಾರ ಮರೆತಳೋ, ಬೇಕೆಂದೇ ಬಿಟ್ಟಳೋ,
ನಾನು ಕೇಳಲಿಲ್ಲ. ಲೋಟ ಕೊಟ್ಟೆ.

ಈಗ ಶನಿವಾರದ ಕೊನೇ ಪೀರಿಯಡ್ಡು ನನ್ನದು,
ನಾಲ್ಕನೇ ಕ್ಲಾಸಿಗೇ ನಾನು ಬಿಟ್ಟ ಅದೇ ಶಾಲೆಯಲ್ಲಿ.
ಹೆಡ್‌ಮಾಸ್ಟರು ವೆಂಕಟರವಣಪ್ಪನವರ ಒಂದೇ ಷರತ್ತು: ಸೂಜಿ ಬೇಡ.
ಬಾಲ್‌ಪೆನ್ನು ಸಾಕು. ಚುಕ್ಕಿಗೊಂದು ಮಾತು,
ಮಾತು ನಿಂತರೆ ಪೆನ್ನು ಎತ್ತಬೇಕು.
ಭಾರ್ಗವ ಪಕ್ಕದವನ ತೋಳಿಗೆ ಜೆಸಿಬಿ ಬರೆಯುತ್ತಾನೆ,
ಅದು ಅಗೆದಷ್ಟೂ ಅವನ ಕತೆ ಮುಗಿಯುವುದಿಲ್ಲ.
ತನುಜಾಳದು ಟೊಮೆಟೊ ಕ್ರೇಟು, ಒಳಗೊಂದು ಬೆಕ್ಕು.

"ಮಿಸ್, ನಿಮ್ಮ ಚೇಳಿನ ಬಾಲ?"
ಹೇಳಿದೆ. ಅಜ್ಜಿಯೊಂದಿಗೇ ಹೋಯಿತು ಅಂದೆ.
ನಾಯಿ ಕಚ್ಚಿಕೊಂಡು ಹೋಯ್ತು ಅಂತ ಒಬ್ಬ,
ಅಡವಿಟ್ಟಿದೆ ಅಂತ ಇನ್ನೊಬ್ಬ,
ಇಡೀ ಕ್ಲಾಸು ಗದ್ದಲ.

ಹಿಂದಿನ ಬೆಂಚಿನ ಪವಿತ್ರ, ನಮ್ಮ ಹಟ್ಟಿಯವಳೇ,
ಹಾಜರಿಗೂ ಬಾಯಿ ಬಿಡದ ಹುಡುಗಿ,
ಎದ್ದು ಬಂದು ನನ್ನ ಕೈ ಎಳೆದುಕೊಂಡು ಕೂತಳು.
ನೀಲಿ ಪೆನ್ನಿನ ತುದಿ ತಾಗಿತು.
ನೋವೇನಿಲ್ಲ. ಆದರೂ ಕೈ ಹಿಂದಕ್ಕೆ ಸೆಳೆಯಿತು, ಹಳೇ ಚಟ.

"ಅಲ್ಲಾಡಬೇಡಿ ಮಿಸ್" ಅಂದಳು.
"ಒಂದೂರಲ್ಲಿ ಒಬ್ಬಳಿದ್ದಳು."

ಬೆಲ್ಲು ಹೊಡೆಯಿತು. ಅವಳು ಏಳಲಿಲ್ಲ.