ಅತ್ತೆಯ ಸರದಿ

ಆ ವರ್ಷ ಒಸಾಕಾದ ಅಂಗಡಿಯಲ್ಲಿ
ನನಗೆ ಮೂರು ಕಂಪನಿಗಳ ಮೂರು ಜಾಕೆಟ್ಟು.
ಬೆಳಿಗ್ಗೆ ಬಿಳಿ, ಮಧ್ಯಾಹ್ನ ಕಪ್ಪು, ಸಂಜೆಗೆ ಹಸಿರು;
ಹೊಗಳುವ ಬಾಯಿ ಒಂದೇ.

ಬಿಳಿಯವರು ಮೊದಲು ಬಂದವರು.
ರಿಮೋಟಿನಂಥದೊಂದು ಕಡ್ಡಿ:
ಬೀಸಿದರೆ ಬ್ಯಾಟು, ತಿರುವಿದರೆ ಸೌಟು,
ಎಸೆದರೆ ಬೋಲಿಂಗ್ ಚೆಂಡು. ನಿಜಕ್ಕೂ ಎಸೆದವರಿದ್ದರು;
ಮಣಿಕಟ್ಟಿನ ದಾರ ಕಿತ್ತು
ಟೀವಿಯ ಹಣೆ ಒಡೆದದ್ದನ್ನು ನಾನೇ ನೋಡಿದ್ದೇನೆ.

ತಡವಾಗಿ ಎಚ್ಚೆತ್ತ ಕಪ್ಪಿನವರು
ಕಡ್ಡಿಯ ತುದಿಗೆ ಬೆಳಗುವ ಉಂಡೆ ಕೂರಿಸಿದರು.
ಮಕ್ಕಳು ನೆಕ್ಕಿ ನೋಡಿದರು.
ಹಸಿರಿನವರೋ, ಕೈಯಲ್ಲಿ ಏನೂ ಬೇಡ, ನೀನೇ ಸಾಕು
ಎಂದು ಸಾರಿದರು, ಸಂನ್ಯಾಸ ಕೊಡುವವರ ಹಾಗೆ.
ಅವರ ಕ್ಯಾಮೆರಾ ಮಾತ್ರ
ಹಿಂದೆ ಸರಿಯಿರಿ, ಇನ್ನೂ ಹಿಂದೆ, ಅನ್ನುತ್ತಿತ್ತು.
ನಮ್ಮ ಕೋಣೆಗಳಲ್ಲಿ ಇನ್ನೂ ಹಿಂದೆ ಅಂದರೆ
ಪಕ್ಕದ ಮನೆಯವರ ಅಡುಗೆಮನೆ.

ಫೋನು ಬಂದದ್ದು ಹಸಿರು ಹೊತ್ತಿನಲ್ಲಿ.
ಸುಟ್ಟ ಅಕ್ಕಿಬಿಲ್ಲೆ ಮಾರುವ ಕುಸುನೊಕಿ ತೊಮೊಯೆ,
ವಯಸ್ಸು ಎಪ್ಪತ್ತೊಂದು:
“ಬಲೂನು ಹೊಡೆಯುವ ಆಟದಲ್ಲಿ
ಪರದೆಯ ಮೇಲಿನ ಕೈ ನಡುಗುತ್ತದೆ.
ಇವರ ಸರದಿಯಲ್ಲಿ ಇಲ್ಲ. ನನ್ನದು ಬಂದಾಗ ಮಾತ್ರ.
ಅತ್ತೆಯ ಕೈ ಹೀಗೇ ನಡುಗುತ್ತಿತ್ತು.”
ಹಿಂದಿನಿಂದ ಗಂಡಸಿನ ದನಿ:
“ಅಮ್ಮ ಸತ್ತು ನಾಲ್ಕು ವರ್ಷವಾಯಿತಲ್ಲೇ.”
“ಅದಕ್ಕೇ ಹೇಳ್ತಿರೋದು.”

ಜಾಕೆಟ್ಟು ಬಿಚ್ಚಲು ಮರೆತು ಹೋದೆ,
ಮೈಮೇಲೆ ಹಸಿರು, ಚೀಲದಲ್ಲಿ ಬಿಳಿಯವರ ಬಿಡಿಭಾಗ.
ನಾಲ್ಕೂವರೆ ಚಾಪೆಯ ಕೋಣೆ, ಸೋಯಾ ಸುಟ್ಟ ವಾಸನೆ.
ಗೆಂಪೆಯಿ ಕೂತಲ್ಲೇ ಮಣಿಕಟ್ಟು ಆಡಿಸಿ ಗೆಲ್ಲುವ ಆಳು.
ಈಕೆ ಎದ್ದು ನಿಂತು, ಸೆರಗಿಲ್ಲದಿದ್ದರೂ ಸೆರಗು ಕಟ್ಟಿದ ಹಾಗೆ
ಇಡೀ ತೋಳು ಬೀಸುವವಳು.

ಟೀವಿಯ ನೆತ್ತಿಯ ಮೇಲೆ ಪಟ್ಟಿಯಿತ್ತು.
ತಂತಿ ಹಿಡಿದು ಎಳೆದೆ, ಇಡೀ ತಂತಿ ಕೈಗೆ ಬಂತು.
ಅಕ್ಕಿಯ ಮನೆ; ಇಲಿ ತನ್ನ ಪಾಲು ತಿಂದಿತ್ತು.
ಕಡಿದ ಜಾಗದ ಮೇಲೆ
ಬೆರಳದ್ದಿ ಬರೆಯುವಷ್ಟು ಧೂಳು.

ಪಟ್ಟಿ ಅಂದರೆ ಬೇರೇನಲ್ಲ,
ಎರಡು ತುದಿಗೆ ಕಣ್ಣಿಗೆ ಕಾಣದ ಎರಡು ಬಿಸಿ ಬೆಳಕು.
ಅವನ್ನು ಕಂಡು ಕಡ್ಡಿಗೆ ತಾನೆಲ್ಲಿ ಅನ್ನುವುದು ಗೊತ್ತಾಗಬೇಕು.
ಪಟ್ಟಿ ಸತ್ತು ತಿಂಗಳುಗಳಾಗಿವೆ.
ಹಾಗಿದ್ದರೆ ಈ ಮನೆಯಲ್ಲಿ ಕಡ್ಡಿ
ದಿನಾ ರಾತ್ರಿ ಏನನ್ನು ನೋಡುತ್ತಿತ್ತು?

ತಲೆಯೆತ್ತಿದೆ.
ಟೀವಿಯ ಮೇಲಿನ ಗೂಡಿನಲ್ಲಿ ಅತ್ತೆ ತೊಕು, ಕಪ್ಪು ಚೌಕಟ್ಟಿನೊಳಗೆ,
ಯಾರನ್ನೂ ಒಪ್ಪದ ಮುಖ.
ಮುಂದೆ ಒಂದು ಬಟ್ಟಲು ಅನ್ನ.
ಎಡಕ್ಕೊಂದು, ಬಲಕ್ಕೊಂದು ಮೊಂಬತ್ತಿ.

ಬಾಯಿಂದ ಊದಬಾರದು, ಅದು ಅವರ ಪದ್ಧತಿ.
ಅಂಗೈ ಬೀಸಿ ಒಂದನ್ನು ಆರಿಸಿದೆ.
ಪರದೆಯ ಕೈ ಮಾಯ.
ಹಚ್ಚಿದೆ, ಬಂತು.
ತೊಮೊಯೆ ತೋಳು ಬೀಸಿದಳು:
ಆ ಗಾಳಿಗೆ ಜ್ವಾಲೆ ಬಳುಕಿತು, ಕೈ ನಡುಗಿತು.

ವಿಜ್ಞಾನವನ್ನೆಲ್ಲ ಹೇಳಿ ಮುಗಿಸಿದೆ.
ಗೆಂಪೆಯಿ ತಲೆದೂಗಿದ.
ಅವಳು ಫೋಟೋದ ಕಡೆ ತಿರುಗಿ,
“ನೋಡಿದಿರಾ, ನಿಮ್ಮ ಮಗನ ಪಕ್ಷವೇ!” ಅಂದಳು.
ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ;
ಈ ಅತ್ತೆ ತನ್ನ ಕಾಲ ಮುಗಿದ ಮೇಲೂ
ಅಂಕ ಬರೆಯುತ್ತಿದ್ದಳು.

ಮೊಂಬತ್ತಿ ಉರಿದು ಮುಗಿದರೆ ಆಟವೂ ಮುಗಿಯುತ್ತಿತ್ತಂತೆ.
ಸಾಕು, ಮಲಗಿ ಅಂತ ಅವರೇ ಹೇಳ್ತಾರೆ ಅಂದುಕೊಂಡಿದ್ವಿ
ಎಂದ ಗೆಂಪೆಯಿ, ಸ್ವಲ್ಪ ನಾಚಿ.

ಹೊಸ ಪಟ್ಟಿಗೆ ಸಾವಿರದೆಂಟುನೂರು ಯೆನ್.
ಕೊಂಡಳು. ಡಬ್ಬಿ ಒಡೆಯಲಿಲ್ಲ.
ಅನ್ನದ ಬಟ್ಟಲಿನ ಪಕ್ಕ ಇಟ್ಟು ಕೈಮುಗಿದಳು.

ಮರುದಿನ ಮೀಟಿಂಗಿನಲ್ಲಿ ಮ್ಯಾನೇಜರ್ ಒಕಿಮುರಾ
ಮೂರು ಬಣ್ಣದ ಗೆರೆಗಳನ್ನು ಬೋರ್ಡಿನ ಮೇಲೆ ಓಡಿಸಿ
ಯಾರು ಮುಂದೆ, ಯಾರು ಹಿಂದೆ ಎಂದು ಕೋಲಿನಿಂದ ತಿವಿದ.
ನಾನು ನನ್ನ ಬಿಲ್ಲು ತುಂಬುತ್ತಿದ್ದೆ.
ಮಾಡಿದ ದುರಸ್ತಿ ಏನು ಎಂಬಲ್ಲಿ ತುಸು ಹೊತ್ತು ಪೆನ್ನು ನಿಂತು,
ಬರೆದೆ:
ಬಲಗಡೆಯ ಮೊಂಬತ್ತಿಯನ್ನು
ನಾಲ್ಕು ಬೆರಳು ಆಚೆ ಸರಿಸಲಾಗಿದೆ.