ನಡುವಿನ ಸೂಜಿ

ಬೈತಖೋಲ್ ಬಂದರು, ಐಸ್ ಫ್ಯಾಕ್ಟರಿಯ ಗೋಡೆಗೆ ಆತುಕೊಂಡು
ಆರಡಿ ಅಗಲದ ನನ್ನ ಅಂಗಡಿ.
ಮೇಜಿನ ಮೇಲೆ ಪೇಡೆ ಡಬ್ಬಿಯ ಮುಚ್ಚಳ, ಅದರ ತುಂಬ
ಚಿನ್ನದ ನೀರು ಕುಡಿದ ಎಸ್‌ಎಂಎ ಕನೆಕ್ಟರುಗಳು,
ಒಂದೊಂದೂ ಒಣ ಬಟಾಣಿಯಷ್ಟು.

ನೌಕಾನೆಲೆಯಲ್ಲಿ ಗುತ್ತಿಗೆ ಮುಗಿದ ದಿನ
ನನ್ನ ಜೊತೆ ಬಂದದ್ದು ಕಣ್ಣಿಗೇರಿಸುವ ಒಂದು ಭೂತಗನ್ನಡಿ,
ಮತ್ತೆ ಒಂದು ಅಭ್ಯಾಸ:
ಸ್ಪ್ಯಾನರು ಟಕ್ ಅಂದ ಕೂಡಲೇ ಕೈ ಬಿಡುವುದು.
ಬೋಟಿನವರಿಗೆ ಇದು ಸಮಾಧಾನವಿಲ್ಲ.
"ಇನ್ನೊಂದು ಸುತ್ತು ಬಿಗಿ ಬಾಯಿ, ಸಮುದ್ರಕ್ಕೆ ಹೋಗುವಂಥದ್ದು."

ಕೇಬಲ್ ಸುಲಿದರೆ ಮೊದಲು ಬಲೆ.
ಬಲೆಯೇ, ಸಣ್ಣ ಕಣ್ಣಿನದು, ತಾಮ್ರದ್ದು;
ಹಿಡಿಯುವುದಕ್ಕಲ್ಲ, ಸೋರದಂತೆ ಕಾಯುವುದಕ್ಕೆ.
ಒಳಗೆ ಎಳನೀರ ಗಂಜಿಯಂಥ ಬಿಳಿ ಟೆಫ್ಲಾನು.
ಅದರೊಳಗೆ ಒಂಟಿ ತಂತಿ.
ಮಾತೆಲ್ಲ ಹೋಗುವುದು ಅಲ್ಲಿ.

ಅಮಾವಾಸ್ಯೆಯ ಮಾರನೇ ದಿನ ರೋಹಿದಾಸ ತಾಂಡೇಲ ಬಂದ,
ವಾಕಿಟಾಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು.
"ದಂಡೆಯಲ್ಲಿ ಕೇಳ್ತದೆ.
ಕೂರ್ಮಗಡ ದಾಟಿದ ಮೇಲೆ ಎಂತದೂ ಇಲ್ಲ."

ಏರಿಯಲ್ ತಿರುಗಿಸಿ ತೆಗೆದೆ. ತಿರುಪು ಚೊಕ್ಕ.
ಉಪ್ಪು ಕೂತಿಲ್ಲ, ಹಸಿರು ಹಿಡಿದಿಲ್ಲ.
ಗಾಜು ಏರಿಸಿಕೊಂಡು ನೋಡಿದೆ:
ಸೆಟ್ಟಿನ ನಡುವೆ ತೂತು.
ಏರಿಯಲ್ಲಿನ ನಡುವೆ,
ಸೂಜಿ ಇರಬೇಕಾದಲ್ಲಿ,
ತೂತು.

ಮನೆಯ ವೈಫೈ ಡಬ್ಬಿಗೆ ಹಾಕುವ ಏರಿಯಲ್ಲು ಅದು,
ಮಡಗಾಂವ್ ಫುಟ್‌ಪಾತಿನಲ್ಲಿ ನೂರಾ ಇಪ್ಪತ್ತಕ್ಕೆ ಕೊಂಡದ್ದು.
ತಿರುಪು ಒಂದೇ ಅಳತೆ. ಸುಖವಾಗಿ ಸುತ್ತಿ ಕೂರುತ್ತದೆ,
ಒಳಗೆ ಎರಡು ಖಾಲಿಗಳು ಬಾಯಿಗೆ ಬಾಯಿ ಕೊಟ್ಟು ನಿಲ್ಲುತ್ತವೆ.
ಹತ್ತಿರವಿದ್ದರೆ ಅಷ್ಟಿಷ್ಟು ಹಾರಿ ದಾಟೀತು ಸದ್ದು.
ದೂರಕ್ಕೆ ಇಲ್ಲ.

"ಯಾವಾಗ ಹಾಕಿದ್ದು ಇದು?"
"ನಾರಳಿ ಹುಣ್ಣಿಮೆ ಆದ ಮೇಲೆ."
ಹೇಳಿ, ಬೆರಳಲ್ಲಿ ಏನೋ ಲೆಕ್ಕ ಹಾಕಿ
ಐಸಿನ ಕ್ರೇಟಿನ ಮೇಲೆ ಕೂತ.

ದೀಪಾವಳಿಗೆ ಮೂರು ದಿನ ಮುಂಚೆ
ಇಂಜಿನ್ ಸತ್ತು ರಾತ್ರಿಯಿಡೀ ತೇಲಿದ್ದ.
ಎರಡು ಮೈಲಿ ಆಚೆ ಪುರ್ಸೋನ ಬೋಟಿನ ದೀಪ.
ಪುರ್ಸೋ ಅಂದರೆ ಅಣ್ಣ, ಒಂದೇ ಹೊಟ್ಟೆಯವ.
ಹದಿನೇಳು ಸಲ ಕರೆದೆ ಅಂದ. ಆಯ್ಕತಾ ರೇ? ಆಯ್ಕತಾ ರೇ?
ದೀಪ ನಿಧಾನ ಗೋವೆಯ ಕಡೆ ಸರಿದು ಹೋಯಿತು.
ಬೆಳಿಗ್ಗೆ ಮಾಜಾಳಿಯವರು ಹಗ್ಗ ಎಸೆದರು.

ಆಮೇಲೆ ಬಲೆಯ ಪಾಲು ಮಾರಿದ.
ಅಣ್ಣನ ಮಗಳ ಮದುವೆಯ ದಿನ ಬೋಟಿನ ತಳ ಕೆರೆಯುತ್ತ ಕೂತ.
ಪುರ್ಸೋ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದನಂತೆ.

ನನ್ನದೂ ಒಂದು ಇತ್ತು, ನುಂಗಲಾಗಲಿಲ್ಲ.
"ಅವತ್ತು ಬ್ಯಾಟರಿಗೆ ಬಂದಿದ್ದೆಯಲ್ಲ,
ಈ ಏರಿಯಲ್ ನಾನೇ ಅಲ್ಲಾಡಿಸಿ ನೋಡಿ
ಗಟ್ಟಿ ಕೂತಿದೆ ಅಂದಿದ್ದೆ."
ಅವನು ನನ್ನನ್ನಲ್ಲ, ಗಾಜನ್ನು ನೋಡಿದ.
"ನಿನಗೂ ಕಾಣಲಿಲ್ಲ, ಅಲ್ಲವ?"

ಸೂಜಿ ಇರುವ ಏರಿಯಲ್ ಹಾಕಿದೆ. ಟಕ್.
ಇನ್ನೊಂದು ಸುತ್ತು ಅನ್ನಲಿಲ್ಲ ಅವನು.
ಕಸದ ಬುಟ್ಟಿಗೆ ಹಾಕಹೊರಟ ಹಳೆಯದನ್ನು
ಕೈಚಾಚಿ ಇಸಿದುಕೊಂಡ.
"ಇದು ಯಾವುದಕ್ಕೂ ಬರೋದಿಲ್ಲ, ಮಾರಾಯ."
"ಇರಲಿ. ತೋರಿಸಲಿಕ್ಕೆ ಬೇಕು."
ಭೂತಗನ್ನಡಿ ಒಂದು ದಿನದ ಮಟ್ಟಿಗೆ ಕೊಡ್ತೀಯಾ ಅಂತ ಕೇಳಿದ.
ಕೊಟ್ಟೆ.

ರಾತ್ರಿ ಎಂಟರ ಮೇಲೆ ಅಂಗಡಿಯ ಸೆಟ್ಟಿನಲ್ಲಿ
ಯಾರೋ ಗುಂಡಿ ಒತ್ತಿದರು. ಮಾತಿಲ್ಲ.
ಭೋರೆನ್ನುವುದು ನಿಂತು, ಒಂದು ಉಸಿರಿನಷ್ಟು ಹೊತ್ತು, ಮತ್ತೆ ಭೋರ್.
ಸ್ವಲ್ಪ ತಡೆದು ಇನ್ನೊಮ್ಮೆ.
ಅದು ಅವನೋ, ಅಣ್ಣನೋ, ಯಾವ ಖಲಾಶಿ ಹುಡುಗನ ಆಟವೋ
ಗುಂಡಿಯ ಸದ್ದಿಗೆ ಹೆಸರಿರುವುದಿಲ್ಲ.

ಆಚೆ ಗೋಡೆಯಲ್ಲಿ ಐಸ್ ಅರೆಯುತ್ತಿತ್ತು.
ಪೇಡೆ ಡಬ್ಬಿಯ ಮುಚ್ಚಳವನ್ನು ಬಟ್ಟೆಯ ಮೇಲೆ ಬೋರಲು ಹಾಕಿ
ಒಂದೊಂದನ್ನೇ ಬರಿಗಣ್ಣಿನಲ್ಲಿ
ಬಲ್ಬಿಗೆ ಹಿಡಿದು
ನಡು ನೋಡತೊಡಗಿದೆ.