ಎಂಟು ಕೆಂಪು

ಬಣ್ಣದ ಹಂಡೆಗೆ ಪಕ್ಷಪಾತ ಗೊತ್ತು.
ಮೊದಲು ಮುಳುಗಿದ ಲಡಿ ಕುಡಿದಷ್ಟೂ ಕುಡಿದು
ಒಣಗಿದ ನೆತ್ತರಿನಷ್ಟು ಕಪ್ಪಾಗಿ ಏಳುತ್ತದೆ.
ಎರಡನೆಯದಕ್ಕೆ ಅದರ ಎಂಜಲು,
ಮೂರನೆಯದಕ್ಕೆ ಎಂಜಲಿನ ಎಂಜಲು.
ಹುಳು ಅವೇ, ಪಾಪಾಸುಕಳ್ಳಿಯಿಂದ
ನಾನೇ ಕೆರೆದು ತಂದ ಒಂದು ಬೊಗಸೆ.
ಎಂಟನೆಯ ಲಡಿಯ ಹೊತ್ತಿಗೆ
ಹಂಡೆಯಲ್ಲಿ ಪಾತ್ರೆ ತೊಳೆದ ನೀರು.
ಅದರಲ್ಲಿ ಅದ್ದಿ ತೆಗೆದ ಉಣ್ಣೆ
ಚಳಿಗೆ ಒಡೆದ ಮಗುವಿನ ಕೆನ್ನೆಯ ಅಂಚು.

ಎಂಟನ್ನೂ ಸಾಲಾಗಿ ಗೋಡೆಗೆ ನೇತುಹಾಕಿದೆ.
ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ಮೆಟ್ಟಿಲು ಎತ್ತರ.
ಹಗಲಲ್ಲಿ ಕಾಣದು. ಸಂಜೆ ಕಣ್ಣು ಕಿರಿದು ಮಾಡಿ ನೋಡಿದರೆ
ಅಲ್ಲಿ ಎಡವುತ್ತೇನೆ.

ನಮ್ಮ ಮಾತಿನಲ್ಲಿ ಕೀಸಾ ಎನ್ನುತ್ತೇವೆ,
ಕೆಂಪು ತನಗೇ ತಿಳಿಯದ ಹಾಗೆ
ಬಿಳಿಯ ತನಕ ನಡೆದು ಹೋಗುವುದಕ್ಕೆ.
ಬಿಸಿಲಿಗೆ ಒಣಗಿಸಿದ ಪೀಚ್ ಹಣ್ಣಿಗೂ ಅದೇ ಹೆಸರು.
ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ.
‘ಎರಡನ್ನೂ ನುಂಗಬಾರದು,
ಬಾಯಲ್ಲಿಟ್ಟುಕೊಂಡು ಕೂರಬೇಕು’ ಅಂದಿದ್ದಳು.

ಹಾಸು ಹಾಕಲು ಇಬ್ಬರು ಬೇಕು.
ನೆಲಕ್ಕೆ ನಾಲ್ಕು ಗೂಟ ಹೊಡೆದು
ಈ ತುದಿಗೊಬ್ಬಳು, ಆ ತುದಿಗೊಬ್ಬಳು,
ನಡುವೆ ನೂಲುಂಡೆ ಹಾರಬೇಕು.
ಓರೂರೋದಿಂದ ಎರಡು ಬಸ್ಸು ಆಚೆಯ ಈ ಬಯಲಲ್ಲಿ
ಕಣ್ಣಿಗೆ ಕಾಣುವುದು ಮೂರು ಮನೆ.
ಒಂದು ನನ್ನದು. ಒಂದಕ್ಕೆ ಬೀಗ.
ಮೂರನೆಯದರಲ್ಲಿ ನನ್ನ ಓರಗಿತ್ತಿ ನಿಕಾನೋರಾ.

ಅವಳೂ ನಾನೂ ಮಾತು ಬಿಟ್ಟು ಎರಡು ಕಾರ್ನಿವಾಲ್ ಕಳೆದವು.
ಅಣ್ಣತಮ್ಮಂದಿರು ಕೀನ್ವಾ ಹೊಲ ಪಾಲು ಮಾಡಿಕೊಂಡರು,
ಹಗ್ಗ ಹಿಡಿದು, ಸುಣ್ಣ ಚೆಲ್ಲಿ, ಕಲ್ಲು ನೆಟ್ಟು.
ಒಂದು ರಾತ್ರಿ ಒಂದು ಕಲ್ಲು
ಮೂರು ಹೆಜ್ಜೆ ನಡೆಯಿತು.
ಯಾರ ಕಾಲಿನಿಂದ ಎಂದು ನಾನು ಹೇಳುವುದಿಲ್ಲ.
ನನ್ನ ಗಂಡ ಇನ್ನೂ ಕುಂಟುತ್ತಾನೆ.

ಮಗಳು ಸೆನೋಬಿಯಾಳ ಕೈಲಿ ಹೇಳಿಕಳಿಸಿದೆ:
ಉಂಡೆ ಎಸೆಯಲು ಜನ ಇಲ್ಲ.
ಬಂದಳು. ಟೊಪ್ಪಿ ತೆಗೆಯಲಿಲ್ಲ.
ಆ ತುದಿಗೆ ಕೂತು ಕೈ ಚಾಚಿದಳು.
ಮಾಯಾ, ಪಾಯಾ, ಕಿಮ್ಸಾ...
ಒಂದು, ಎರಡು, ಮೂರು ಬಿಟ್ಟು ಬೇರೆ ಸೊಲ್ಲಿಲ್ಲ.
ಎಣಿಕೆ ಮಾತಲ್ಲ; ಎಣಿಸಿದರೆ ಯಾರೂ ಸೋತಂತಲ್ಲ.
ಗಾಳಿ ಮಣ್ಣು ತಂದು ಮುಖಕ್ಕೆರಚಿತು.
ಲಾಮಾ ಒಂದು ಬಂದು ನೋಡಿ ಹೋಯಿತು.
ಕಡುಗೆಂಪು ಮುಗಿಯಿತು. ಅದರ ತಂಗಿ, ಅದರ ತಂಗಿ.
ನಾಲ್ಕರ ಕೊನೆಗೆ ಐದನ್ನು ಗಂಟು ಹಾಕಲು ಹೊರಟರೆ
ಉಂಡೆ ಬರಲಿಲ್ಲ.
ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು,
ಕಣ್ಣು ಕಿರಿದು ಮಾಡಿ,
ನನ್ನ ಹಾಗೇ ಎಡವುತ್ತ.

‘ಮೂರು ಇದು, ಒಂದು ಅದು,’ ಅಂದಳು.
‘ಆಮೇಲೆ ಎರಡಕ್ಕೆ ಎರಡು.
ಆಮೇಲೆ ಒಂದಕ್ಕೆ ಮೂರು.’

ಅದೂ ಎಣಿಕೆಯೇ ಎಂದುಕೊಂಡೆವು ಇಬ್ಬರೂ.
ಹಾಗೇ ಹಾಕಿದೆವು.
ಈಗ ನಾಲ್ಕು ಎಲ್ಲಿ ಸತ್ತಿತು,
ಐದು ಎಲ್ಲಿ ಹುಟ್ಟಿತು ಅಂದರೆ
ಬೆರಳಿಟ್ಟು ತೋರಿಸಲಾರೆ,
ಹೊಲ ಅಳೆದ ಹಗ್ಗ ತಂದು ಕೊಟ್ಟರೂ.

ಎಂಟು ಮುಗಿದಾಗ ಬಿಸಿಲು ಗೋಡೆ ಹತ್ತಿತ್ತು.
ಎದ್ದಳು, ಲಂಗ ಕೊಡವಿದಳು,
ಜೇಬಿನಿಂದ ಏನೋ ತೆಗೆದು ಬಾಯಿಗಿಟ್ಟಳು.
ನನಗೆ ಕೊಡಲಿಲ್ಲ.
ಚೀಪುತ್ತ ಹೋದಳು,
ಆ ಕಲ್ಲಿನ ಹತ್ತಿರ ಸುಳಿಯದೆ, ದೂರದಿಂದ ಬಳಸಿ.

ಗೂಟಕ್ಕೊರಗಿ ಕೂತ ಸೆನೋಬಿಯಾಳ ಕೆನ್ನೆ ಉಬ್ಬಿತ್ತು.
ಏನದು ಎಂದರೆ ತಲೆಯಾಡಿಸಿದಳು,
ಬಾಯಿ ಮಾತ್ರ ತೆರೆಯಲಿಲ್ಲ.

ಇನ್ನು ಹೊಕ್ಕಿನ ನೂಲು ಸುತ್ತಬೇಕು.
ಅದಕ್ಕೆ ಯಾವ ಬಣ್ಣವಾದರೂ ನಡೆದೀತು.
ನಮ್ಮ ಬಟ್ಟೆಯಲ್ಲಿ ಅದು ಮೇಲೆ ಕಾಣುವುದಿಲ್ಲ.